ಪಟ್ಟಿಯಲ್ಲಿ ಹೆಸರಿಲ್ಲದ ಮೇಡಂ

ಜೇವರ್ಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಮಧುಮತಿ ಹದಿಮೂರು ವರ್ಷ ಅತಿಥಿಯಾಗಿದ್ದಳು. ನಗಬೇಡಿ, ಕಾಗದದಲ್ಲಿ ಬರೆಯುವುದೇ ಹಾಗೆ: ಅತಿಥಿ ಉಪನ್ಯಾಸಕಿ, ಇತಿಹಾಸ ವಿಭಾಗ. ನಮ್ಮ ಕಡೆ ಮನೆಗೆ ಬಂದ ಅತಿಥಿಗೆ ಕೈಕಾಲಿಗೆ ನೀರು ಕೊಟ್ಟು, ಜಮಖಾನ ಹಾಸಿ ಕೂರಿಸುತ್ತಾರೆ. ಈ ಅತಿಥಿಗೆ ಸ್ಟಾಫ್ ರೂಮಿನಲ್ಲಿ ತನ್ನದು ಅನ್ನುವ ಕುರ್ಚಿ ಕೂಡ ಇರಲಿಲ್ಲ. ಯಾರು ರಜೆ ಹಾಕಿದ್ದಾರೋ ಅವರ ಕುರ್ಚಿ ಅವತ್ತಿನ ಮಟ್ಟಿಗೆ ಅವಳದು. ಎಲ್ಲರೂ ಬಂದ ದಿನ ಲೈಬ್ರರಿಯ ಸ್ಟೂಲು. ವರ್ಷದ ಕೊನೆಗೆ ಬಿಡುಗಡೆ, ಮತ್ತೆ ಕರೆಯುತ್ತಾರೋ ಇಲ್ಲವೋ ಅಂತ ಮೂರು ತಿಂಗಳು ಫೋನಿನ ಮೇಲೆ ಕಣ್ಣು, ಕರೆದ ದಿನ ಮತ್ತೆ ಅದೇ ಬಹಮನಿ, ಅದೇ ಆದಿಲಶಾಹಿ. ಊರ ಮಂದಿಗೆ ಈ ಕಾಯಂ, ಅತಿಥಿ ಎಂಬ ಭೇದವೆಲ್ಲ ಗೊತ್ತಿರಲಿಲ್ಲ. ಸೀರೆ ಉಟ್ಟು, ಬ್ಯಾಗ್ ಹಾಕಿಕೊಂಡು ಕಾಲೇಜಿನೊಳಗೆ ಹೋದರೆ ಅದು ಸರ್ಕಾರಿ ನೌಕರಿ, ಮುಗಿಯಿತು.

ಆ ವರ್ಷ ನವೆಂಬರಿನಲ್ಲಿ ಪ್ರಿನ್ಸಿಪಾಲ ಗುರುಪಾದ ಸರ್ ಅವಳನ್ನು ಕರೆಸಿದರು. ಇತಿಹಾಸಕ್ಕೆ ಇದ್ದೊಬ್ಬ ಕಾಯಂ ಮಾಸ್ತರು ಜೂನಿನಲ್ಲಿ ನಿವೃತ್ತರಾಗಿದ್ದರಿಂದ ಇಡೀ ವಿಭಾಗ ಅಂದರೆ ಈಗ ಮಧುಮತಿ ಒಬ್ಬಳೇ.

"ಮೇಡಂ, ಫೈನಲ್ ಇಯರ್ ಹುಡುಗ್ರು ವಿಜಯಪುರ ನೋಡಬೇಕಂತ ಗಂಟು ಬಿದ್ದಾರ. ಎಲ್ಲಾ ಪ್ಲ್ಯಾನ್ ನೀವೇ ಮಾಡ್ರಿ, ನೀವೇ ಕರ್ಕೊಂಡು ಹೋಗ್ರಿ. ಜೋಡಿಗಿ ನಾನೂ ಬರ್ತೇನಿ," ಅಂದರು.

ಪ್ಲ್ಯಾನ್ ಮಾಡುವುದು ಅವಳಿಗೆ ಹೊಸದಲ್ಲ. ಹದಿಮೂರು ವರ್ಷದಲ್ಲಿ ನಾಲ್ಕು ಪ್ರವಾಸಗಳ ಕಾಗದ ಅವಳೇ ಬರೆದುಕೊಟ್ಟಿದ್ದಳು. ಪ್ರತಿ ಸಲವೂ ಹೊರಡುವ ದಿನ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಕಪ್ಪು ಕನ್ನಡಕ ಏರಿಸಿ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರು ಬೇರೆ ಯಾರೋ. ಗೋಳಗುಮ್ಮಟವನ್ನು ಅವಳು ನೋಡಿದ್ದು ತಾನು ಎಂ.ಎ. ಓದುವಾಗ ಒಂದೇ ಸಲ. ಆಮೇಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗುಮ್ಮಟಗಳೇ ಲೆಕ್ಕವಿಲ್ಲದಷ್ಟು. ಹಾಗಾಗಿ "ಕರ್ಕೊಂಡು ಹೋಗ್ರಿ" ಅನ್ನುವ ಮಾತು ಕೇಳಿ ಅವಳು ಅವತ್ತು ಮನೆಗೆ ಹೋಗುವಾಗ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡಳು. ಗಂಡ ಜಗದೇವ ವಿದ್ಯುತ್ ಲೈನ್‌ಮನ್. ಜಿಲೇಬಿ ನೋಡಿ, "ಏನ್ ಬೇ, ಕಾಯಂ ಆಯ್ತೇನು?" ಅಂತ ಕೇಳಿದ. ಇಲ್ಲ, ಪ್ರವಾಸ ಅಂದಾಗ ಅವನು ನಕ್ಕುಬಿಟ್ಟ. ಪ್ರವಾಸಕ್ಕೆ ಯಾರಾದರೂ ಜಿಲೇಬಿ ತರುತ್ತಾರೇನು?

ಅವಳು ಪ್ರವಾಸದ ಕಾಗದ ಬರೆಯುವ ರೀತಿ ಬೇರೆ. ಗಂಡಸು ಮಾಸ್ತರುಗಳು ಮೊದಲು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ ತೋಪು ಅಂತ ಬರೆದು, ಕೊನೆಗೆ ಊಟ ಎಲ್ಲಿ ಅಂತ ಸೇರಿಸುತ್ತಾರೆ. ಇವಳು ಮೊದಲು ಬರೆಯುತ್ತಿದ್ದುದು ಹುಡುಗಿಯರು ಎಲ್ಲೆಲ್ಲಿ ಇಳಿದು ಸಂಡಾಸಕ್ಕೆ ಹೋಗಬೇಕು ಎಂಬುದನ್ನು. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಹದಿನೈದು ನಿಮಿಷ. ಗುಮ್ಮಟದ ಒಳಗೆ ಹೋಗುವ ಮೊದಲು ಇಪ್ಪತ್ತು ನಿಮಿಷ. ಊಟವಾದ ಮೇಲೆ ಮತ್ತೆ. ಇದಕ್ಕೆ ಕಾರಣವಿತ್ತು. ಪ್ರವಾಸದ ದಿನ ನಮ್ಮ ಹುಡುಗಿಯರು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಬಸ್ಸು ನಿಲ್ಲಿಸಿ ಅಂತ ಸರ್‌ಗೆ ಯಾವ ಬಾಯಿಂದ ಹೇಳಬೇಕು? ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಂತಿ. ಮರದ ಕೆಳಗೆ ದುಪಟ್ಟಾ ಹೊದ್ದು ಮಲಗಿ, ಗುಮ್ಮಟವನ್ನು ಹೊರಗಿನಿಂದಲೇ ನೋಡಿ ಬಂದವರು ಎಷ್ಟೋ ಮಂದಿ. ಮಧುಮತಿಯೂ ಎಂ.ಎ. ಪ್ರವಾಸದಲ್ಲಿ ಹಾಗೇ ಮಲಗಿದ್ದವಳು. ಮೇಲಿನ ಗ್ಯಾಲರಿ ಹತ್ತಿರಲೇ ಇಲ್ಲ.

ಫೈನಲ್ ಇಯರಿನಲ್ಲಿ ನಲವತ್ತೆರಡು ಮಂದಿ, ಅವರಲ್ಲಿ ಹನ್ನೊಂದು ಹುಡುಗಿಯರು. ಹಿಂದಿನ ಪ್ರವಾಸಗಳಲ್ಲಿ ಹುಡುಗಿಯರು ಇಬ್ಬರು, ಹೆಚ್ಚೆಂದರೆ ಮೂವರು. ಈ ಸಲ ಹನ್ನೊಂದೂ ಜನ ಬರಬೇಕು ಅಂತ ಮಧುಮತಿ ಹಟ ತೊಟ್ಟಳು. ಒಪ್ಪಿಗೆ ಪತ್ರವನ್ನು ಹುಡುಗಿಯರ ಕೈಯಲ್ಲಿ ಕಳಿಸಿದರೆ ಅದು ವಾಪಸು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸಂಜೆ ಹೊತ್ತು, ರವಿವಾರ, ಮನೆಮನೆಗೆ ತಾನೇ ಹೋದಳು. ಅಮೀರುನ್ನಿಸಾಳ ಅಪ್ಪ ಕರೀಮಸಾಬ ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ನಿಲ್ಲಿಸಿಕೊಂಡೇ ಸಹಿ ಹಾಕಿದ: "ನೀವು ಜೋಡಿ ಇರ್ತೀರಲ್ಲ ಮೇಡಂ? ಬಸ್, ಹಂಗಾದ್ರ ನನಗೇನೂ ಫಿಕರ್ ಇಲ್ಲ." ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು. ಸಹಿ ಬಿದ್ದದ್ದು ಕಾಗದಕ್ಕಲ್ಲ, ಮೇಡಂ ಇರುತ್ತಾರೆ ಎಂಬ ಮಾತಿಗೆ.

ಕೊನೆಗೆ ಉಳಿದದ್ದು ಶಿವಗಂಗಾ ಒಬ್ಬಳು. ಜೇವರ್ಗಿಯ ಸೋದರತ್ತೆಯ ಮನೆಯಲ್ಲಿ ಇದ್ದು ಓದುವ ಹುಡುಗಿ. ತಾಯಿ ಇರುವುದು ಭೀಮಾ ದಂಡೆಯ ಮಣ್ಣೂರಿನಲ್ಲಿ. ಬಾಯಿ ಸತ್ತ ಹುಡುಗಿ, ಆದರೆ ಪರೀಕ್ಷೆಯ ಪೇಪರಿನಲ್ಲಿ ಇಬ್ರಾಹಿಂ ರೋಜಾದ ಬಗ್ಗೆ ಆರು ಪುಟ ಬರೆಯುವವಳು. ಒಂದು ರವಿವಾರ ಮಧುಮತಿ ಅಫಜಲಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋದಲ್ಲಿ ಜೋಳದ ಚೀಲಗಳ ನಡುವೆ ಕೂತು ಮಣ್ಣೂರು ಮುಟ್ಟಿದಳು.

ಶಿವಗಂಗಾಳ ತಾಯಿ ನಿಂಬೆವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೇಡಂ ಬಂದದ್ದು ನೋಡಿ ಸಡಗರದಿಂದ ಎದ್ದಳು, ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ಅಷ್ಟು ದೂರದಿಂದ ಬಂದೀರಿ, ಯವ್ವಾ! ಕೂಡ್ರಿ, ಕೂಡ್ರಿ. ನಿಮ್ಮೋರ್ಯಾರ್ರಿ ಮೇಡಂ?"

ಈ ಪ್ರಶ್ನೆಯ ಅರ್ಥ ನಿಮಗೂ ಗೊತ್ತು, ಮಧುಮತಿಗೂ ಗೊತ್ತು. ಹುಟ್ಟಿದಾಗಿನಿಂದ ಕೇಳಿದ್ದೇ.

"ನಾವು ಬೌದ್ಧರ್ರಿ," ಅಂದಳು.

ನಿಂಬೆವ್ವ ಪಕ್ಕದ ಮನೆಯ ಹುಡುಗನನ್ನು ಕೂಗಿ ಅಂಗಡಿಗೆ ಓಡಿಸಿದಳು. ಚಹಾ ಬಂತು, ಮನೆಯ ಕಪ್ಪಿನಲ್ಲಲ್ಲ, ಅಂಗಡಿಯಿಂದ ತರಿಸಿದ ಕಾಗದದ ಲೋಟದಲ್ಲಿ. ಮಧುಮತಿ ಕುಡಿದಳು. ಪ್ರವಾಸದ ಮಾತು ತೆಗೆದಳು. ನಿಂಬೆವ್ವ ಎಲ್ಲ ಕೇಳಿಸಿಕೊಂಡು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

"ಮೇಡಂ, ಇಕಿ ಅಪ್ಪ ಹೋಗಿ ಏಳು ವರ್ಷ ಆತು. ಮಂದಿ ಬಾಯಾಗ ಬೀಳಬಾರದಂತ ಪೋರೀನ ಅಂಗೈಯಾಗ ಇಟ್ಕೊಂಡು ಸಾಕೇನ್ರಿ. ಗಂಡಹುಡುಗ್ರ ಜೋಡಿ ಬಸ್ಸಿನಾಗ ಕಳಸ್ರಿ ಅಂದ್ರ ಎದಿ ಧಸಕ್ ಅಂತದ. ನೀವು ಇರ್ತೀರಿ ಖರೇ?"

"ಇರ್ತೇನ್ರಿ. ಮನಿ ಬಿಟ್ಟು ಮನಿ ಮುಟ್ಟೂ ತನಕ ನನ್ನ ಬಾಜೂಕೇ ಇರ್ತಾಳ."

ನಿಂಬೆವ್ವ ಒಳಗೆ ಹೋದಳು. ಬರುವಾಗ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಕುಬಸದ ಖಣ. ಮಧುಮತಿಯ ಮನೆಯಲ್ಲಿ ಈ ಶಾಸ್ತ್ರಗಳನ್ನು ಬಿಟ್ಟು ಅವಳಪ್ಪನ ಕಾಲವೇ ಆಗಿತ್ತು. ಆದರೂ ಸೆರಗು ಒಡ್ಡಿದಳು. ನಿಂಬೆವ್ವ ಸ್ವಲ್ಪ ಮೇಲಿಂದಲೇ, ಕೈಗೆ ಕೈ ತಾಗದ ಹಾಗೆ, ಐದು ಸಲ ಅಕ್ಕಿ ಹಾಕಿ ಉಡಿ ತುಂಬಿದಳು.

"ನನ್ನ ಮಗಳನ್ನ ನಿಮ್ಮ ಉಡ್ಯಾಗ ಹಾಕೇನ್ರಿ ಮೇಡಂ. ಇನ್ನ ನಾ ಕೇಳಂಗಿಲ್ಲ," ಅಂದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.

ಉಡಿಯಲ್ಲಿ ಹಾಕುವುದು ಅಂದರೆ ನಮ್ಮ ಕಡೆ ತಮಾಷೆಯ ಮಾತಲ್ಲ. ಮಗಳನ್ನು ಅತ್ತೆಮನೆಗೆ ಕಳಿಸುವಾಗ ಆಡುವ ಮಾತು ಅದು. ಕಟ್ಟೆಯಿಂದ ಒಳಗೆ ಕರೆಯದ ಹೆಂಗಸು ಮಗಳನ್ನೇ ಉಡಿಗೆ ಹಾಕಿದಳಲ್ಲ ಅಂತ ಮಧುಮತಿಗೆ ಟಂಟಂನಲ್ಲಿ ಕೂತಾಗ ನಗುವೂ ಬಂತು, ಇನ್ನೇನೋ ಆಯಿತು.

ಮರುದಿನ ಸೋಮವಾರ. ಪ್ರವಾಸ ಶನಿವಾರ. ಕಾಲೇಜಿಗೆ ಹೋದರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಪೇಡೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೊಸಬ ಕೂತಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕಣ್ಣಿನ ಕೆಳಗೆ ಪ್ರಯಾಣದ ಕಪ್ಪು. ಎದ್ದು ನಿಂತು ಅವಳ ಮುಂದೆಯೂ ಪೇಡೆಯ ಡಬ್ಬಿ ಹಿಡಿದ.

"ಕಲ್ಯಾಣಕುಮಾರಂತ್ರಿ. ಕಡಗಂಚಿಯವನು. ಹಿಸ್ಟರಿ. ಟ್ರಾನ್ಸ್‌ಫರ್ ಮ್ಯಾಲ ಬಂದೀನಿ."

ಮಧುಮತಿ ಪೇಡೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಚೆನ್ನಾಗಿತ್ತು. ಏಲಕ್ಕಿ ಹಾಕಿದ್ದರು. ಕಾಯಂ ಮಾಸ್ತರು ಬಂದ ದಿನ ಅತಿಥಿ ಎದ್ದು ಹೋಗಬೇಕು. ನಿಯಮ ಅಷ್ಟೇ ಇರುವುದು, ಅದನ್ನು ಓದಲು ಎಂ.ಎ. ಬೇಕಾಗಿಲ್ಲ. ಅವಳು ಪೇಡೆ ನುಂಗಿ, ಕೈ ಒರೆಸಿಕೊಂಡು, ತನಗೆ ಏನಾದರೂ ಅನಿಸುತ್ತದೇನೋ ಅಂತ ಒಂದು ನಿಮಿಷ ಕಾದಳು. ಏನೂ ಅನಿಸಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿದು, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಮೈಯೆಲ್ಲ ಹಾಗಿತ್ತು.

ಸಿಟ್ಟು ಮಾಡೋಣ ಅಂದರೆ ಯಾರ ಮೇಲೆ? ಕಲ್ಯಾಣಕುಮಾರ ಒಂಬತ್ತು ವರ್ಷ ಚಾಮರಾಜನಗರದ ಕಡೆ ಇದ್ದವನು. ಹೆಂಡತಿ ಕಡಗಂಚಿಯಲ್ಲಿ, ಅವನು ರಾಜ್ಯದ ಆ ತುದಿಯಲ್ಲಿ. ಸಂಸಾರ ನಡೆದದ್ದೆಲ್ಲ ರೈಲಿನಲ್ಲಿ ಅಂತ ಅವನೇ ನಗುತ್ತಾ ಹೇಳಿದ. ಪಾಪ, ಊರ ಹತ್ತಿರ ಬಂದ ಖುಷಿಗೆ ಪೇಡೆ ಹಂಚಿದ್ದ. ಆ ಪೇಡೆ ಇನ್ನೊಬ್ಬರ ಬುಡಕ್ಕೇ ಕೊಡಲಿ ಎಂಬುದು ಅವನಿಗೆ ಅರ್ಧ ಗಂಟೆ ಬಿಟ್ಟು ಗೊತ್ತಾಯಿತು. ಆಮೇಲೆ ಅವನು ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಬಿಟ್ಟ.

ಮಧ್ಯಾಹ್ನ ಗುರುಪಾದ ಸರ್ ಕರೆದರು. ಕೆಟ್ಟವರಲ್ಲ, ಪುಕ್ಕಲರು.

"ಮೇಡಂ, ನನಗೂ ಹೊಟ್ಟ್ಯಾಗ ಸಂಕಟ ಆಗ್ತದ. ಆದ್ರ ಏನ್ ಮಾಡಾಕ ಬರ್ತದ್ರಿ? ಬಿಡುಗಡಿ ಇವತ್ತಿನಿಂದಲೇ ಬರೀಬೇಕು."

"ಪ್ರವಾಸ, ಸರ್?"

"ಪಟ್ಟಿಯೊಳಗ ನಿಮ್ಮ ಹೆಸರು ಹಾಕಾಕ ಬರೂದಿಲ್ರಿ. ದಾರ್ಯಾಗ ಏನರ ಹೆಚ್ಚುಕಡಿಮಿ ಆತಂದ್ರ, ಹೊರಗಿನೋರನ್ನ ಯಾಕ ಒಯ್ದಿದ್ದಿ ಅಂತ ನನ್ನ ಕುತ್ಗಿ ಹಿಡೀತಾರ."

"ಹುಡುಗ್ಯಾರ ಮನ್ಯಾಗ ನಾ ಇರ್ತೇನಂತ ಹೇಳೇನ್ರಿ."

"ಅದಕ್ಕಾ ಹೇಳೂದು," ಗುರುಪಾದ ಸರ್ ದನಿ ಇಳಿಸಿದರು. "ಶನಿವಾರ ತನಕ ಜರಾ ಸುಮ್ಕಿದ್ದುಬಿಡ್ರಿ. ಈಗ ಹೇಳಿದ್ರ ಹನ್ನೊಂದೂ ಮನಿಯೋರು ಹೆಸರು ತೆಗಸ್ತಾರ. ಪೋರಿಗೋಳ ಆಸೆಗಿ ಯಾಕ ಕಲ್ಲು ಹಾಕ್ಬೇಕು, ಹೇಳ್ರಿ?"

ಅವಳು "ಆತ್ರಿ ಸರ್" ಅಂದಳು. ಅಷ್ಟು ಸಲೀಸಾಗಿ ಅಂದಳೆಂದರೆ ಗುರುಪಾದ ಸರ್‌ಗೇ ಆಶ್ಚರ್ಯವಾಯಿತು. ಅಳುತ್ತಾಳೆ ಅಂತ ಅವರು ನೀರಿನ ಲೋಟ ತುಂಬಿಸಿ ಇಟ್ಟುಕೊಂಡಿದ್ದರು.

ಪ್ರವಾಸದ ಕಾಗದವನ್ನು ಅವಳು ಕಲ್ಯಾಣಕುಮಾರನಿಗೆ ಕೊಟ್ಟಳು. ಅವನು ಒಂದೊಂದೇ ಸಾಲು ಓದಿ, "ಇದೇನ್ರಿ ಮೇಡಂ, ಗುಮ್ಮಟಕ್ಕಿಂತ ಸಂಡಾಸನೇ ಜಾಸ್ತಿ ಅವ?" ಅಂತ ಕೇಳಿದ. ಯಾಕೆ ಅಂತ ಅವಳು ಹೇಳಿದಳು, ಪಾಠ ಹೇಳುವ ದನಿಯಲ್ಲೇ. ಅವನು ಜೇಬಿನಿಂದ ಪೆನ್ನು ತೆಗೆದು ಆ ಸಾಲುಗಳ ಕೆಳಗೆ ಗೆರೆ ಎಳೆದುಕೊಂಡ. "ಒಂಬತ್ತು ವರ್ಷದಾಗ ಆರು ಪ್ರವಾಸ ಒಯ್ದೇನಿ. ಇದು ನನ್ನ ತಲಿಗೇ ಬಂದಿಲ್ಲ ನೋಡ್ರಿ," ಅಂದ. ಒಳ್ಳೆಯವನೇ. ಅದೇ ಕಷ್ಟ.

ಕಾಲೇಜಿನ ಜವಾನನಿಂದ ಸುದ್ದಿ ತಿಳಿದು ಬಂದ ಜಗದೇವ ಮನೆಯಲ್ಲಿ ಕೂಗಾಡಿದ. ಗುರುಪಾದನಿಗೆ ಬೈದ, ಸರ್ಕಾರಕ್ಕೆ ಬೈದ, ಕಡಗಂಚಿಯ ಆ ಮನುಷ್ಯನಿಗೂ ಎರಡು ಮಾತು ಬೈದ. ಮಧುಮತಿ ರೊಟ್ಟಿ ಬಡಿಯುತ್ತಿದ್ದಳು. "ನೀ ಒಮ್ಮೆ ಅತ್ತುಬಿಡು ಬೇ! ಹಿಂಗ ಕಲ್ಲಾಗಿ ಕುಂತ್ರ ನನಗ ಅಂಜಿಕಿ ಬರ್ತದ," ಅಂದ. ಅವಳು, "ಪಲ್ಯಕ್ಕ ಉಪ್ಪು ಬರಾಬರಿ ಅದ ಏನ್ರಿ?" ಅಂತ ಕೇಳಿದಳು. ಅವನು ತಟ್ಟೆ ಸರಿಸಿ ಎದ್ದು ಹೋದ. ಆ ವಾರವೆಲ್ಲ ಹೀಗೇ. ಹೊತ್ತಿಗೆ ಸರಿಯಾಗಿ ಏಳುವುದು, ನೀರು ಹಿಡಿಯುವುದು, ಹತ್ತು ಗಂಟೆಗೆ ಸೀರೆ ಉಟ್ಟು ತಯಾರಾಗಿ, ಎಲ್ಲಿಗೂ ಹೋಗಬೇಕಿಲ್ಲ ಎಂಬುದು ನೆನಪಾಗಿ ಮತ್ತೆ ಬಿಚ್ಚಿಡುವುದು. ಬುಧವಾರವೂ ಹಾಗೇ ಉಟ್ಟಳು, ಗುರುವಾರವೂ. ಹುಡುಗರಿಗೆ ಮಂಗಳವಾರವೇ ಗೊತ್ತಾಗಿತ್ತು, ಹೊಸ ಸರ್ ಕ್ಲಾಸಿಗೆ ಬಂದಿದ್ದರು. ಆದರೆ ಒಬ್ಬ ಹುಡುಗಿಯೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಶನಿವಾರ ರೊಟ್ಟಿ ಬಡಿಯುತ್ತಾ ಮನೆಯಲ್ಲಿ ಕೂರಬೇಕು, ಅವರಿಗೆ ಅಷ್ಟು ತಿಳಿಯದೇ?

ಶುಕ್ರವಾರ ಸಂಜೆ ಫೋನು ಬಂತು. ಮಣ್ಣೂರಿನ ನಿಂಬೆವ್ವ. ಫೋನಿನಲ್ಲಿ ಮಾತಾಡುವಾಗ ನದಿಯ ಆಚೆ ದಂಡೆಯವರನ್ನು ಕರೆಯುವಷ್ಟು ಜೋರು.

"ಮೇಡಂ! ಆರಾಮ ಇದ್ದೀರೇನ್ರಿ? ಪೋರಿ ಇವತ್ತ ಹೊರಗಾಗ್ಯಾಳಂತ್ರಿ. ಅವರತ್ತಿ ಫೋನ್ ಮಾಡಿದ್ಳು. ಮೊದಲಿನ ಎರಡು ದಿನ ಅಕಿಗಿ ಭಾಳ ಹೊಟ್ಟಿನೋವು, ಕಣ್ಣಿಗಿ ಕತ್ತಲಿ ಬರ್ತದ. ಕಳಸ್ಲೋ ಬ್ಯಾಡೋ, ಏನಂತೀರಿ?"

ಮಧುಮತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಹೆಂಗಸರು ಒಬ್ರೂ ಇರದಿದ್ರ ನಾ ಈ ಗಳಿಗಿಗೇ ಬ್ಯಾಡ ಅಂತಿದ್ದೆ. ನೀವಿದ್ದೀರಂತ ಧೈರ್ಯ. ಪೋರಿ ಒಂದೇ ಸಮ ಅಳಾಕತ್ತಾಳಂತ್ರಿ, ಹೋಗ್ತೇನಂತ. ನೀವು ಹೂಂ ಅನ್ರಿ, ಕಳಸ್ತೇನಿ."

ಈಗ ಖರೆ ಹೇಳಬೇಕು. ಹೇಳಿದರೆ ಆ ಹುಡುಗಿ ವಿಜಯಪುರ ನೋಡುವುದಿಲ್ಲ. ಬರುವ ವರ್ಷದೊಳಗೆ ಎಲ್ಲೋ ಒಂದು ಕಡೆ ಮದುವೆ ಮಾಡಿ ಕೊಡುತ್ತಾರೆ, ಮುಗಿಯಿತು. ಹೇಳದಿದ್ದರೆ ಈ ತಾಯಿ, ಬಸ್ಸಿನಲ್ಲಿ ಒಬ್ಬ ಹೆಂಗಸೂ ಇಲ್ಲದ ಕಡೆ, ಇರುವವರ ಪೈಕಿ ಒಬ್ಬರಿಗೂ ಬಾಯಿ ಬಿಟ್ಟು ಹೇಳಲಾಗದ ನೋವಿನ ದಿನ, ಮಗಳನ್ನು ಕಳಿಸುತ್ತಾಳೆ. ಎರಡೂ ತಪ್ಪೇ. ಮಧುಮತಿಗೆ ಎರಡೂ ಗೊತ್ತಿತ್ತು. ಗೊತ್ತಿದ್ದೂ ಅವಳ ಬಾಯಿಂದ ಬಂದದ್ದು ಹಳೇ ಮಾತೇ.

"ಕಳಸ್ರಿ ಅವ್ವಾ. ನಾ ಇರ್ತೇನಿ."

ಫೋನು ಇಟ್ಟು, ಮೊಳೆಗೆ ತೂಗುಹಾಕಿದ್ದ ಬ್ಯಾಗು ಕೆಳಗಿಳಿಸಿದಳು. ಆಮೇಲೆ ಜಗದೇವನಿಗೆ, "ನಾಳಿ ಐದೂವರಿ ಬಸ್ಸಿಗಿ ನನ್ನ ಸ್ಟ್ಯಾಂಡಿಗಿ ಬಿಡ್ರಿ. ವಿಜಯಪುರಕ್ಕ ಹೋಗ್ತೇನಿ," ಅಂದಳು. ಯಾಕೆ ಅಂತ ಅವನು ಕೇಳಿದ. "ಗುಮ್ಮಟ ನೋಡಾಕ," ಅಂದಳು. ಇವಳ ತಲೆ ನೆಟ್ಟಗಿದೆಯೋ ಇಲ್ಲವೋ ಅಂತ ಅವನು ಒಂದು ಕ್ಷಣ ಮುಖ ನೋಡಿದ. ಎದ್ದು ಗಡಿಯಾರಕ್ಕೆ ಅಲಾರಂ ಇಟ್ಟ.

ಒಂಬತ್ತು ಗಂಟೆಯ ಹೊತ್ತಿಗೆ ಅವಳು ಗೋಳಗುಮ್ಮಟದ ಮುಂದೆ ಇದ್ದಳು. ಟಿಕೆಟ್ ತೆಗೆದುಕೊಂಡು, ಹುಲ್ಲಿನ ಅಂಚಿಗೆ ಕೂತಳು. ಬ್ಯಾಗಿನಲ್ಲಿ ಪ್ಯಾಡಿನ ಎರಡು ಪೊಟ್ಟಣ, ಹೊಟ್ಟೆನೋವಿನ ಗುಳಿಗೆ, ಉಪ್ಪು ಸಕ್ಕರೆ ಕಲಸಿದ ನೀರು, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಆರಕ್ಕೆ ಬಿಡಬೇಕಾಗಿದ್ದ ಕಾಲೇಜಿನ ಬಸ್ಸು, ಗಂಡುಹುಡುಗರು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಾರು, ಹತ್ತೂವರೆಗೆ ಬಂತು. ಹುಡುಗರು ದಬದಬ ಇಳಿದರು. ಮೊದಲು ನೋಡಿದವಳು ಅಮೀರುನ್ನಿಸಾ.

"ಅಯ್ಯೋ, ಮೇಡಂ! ಮೇಡಂ ಬಂದಾರಲೇ!"

ಹುಡುಗರು ಹೋ ಅಂತ ಕೂಗಿದರು. ಗುರುಪಾದ ಸರ್ ಬೆವರು ಒರೆಸಿಕೊಳ್ಳುತ್ತಾ ಬಂದರು. "ಮೇಡಂ, ನಾ ಅಷ್ಟು ಹೇಳಿದ್ದೆ. ಹಿಂಗ ಬರಬಾರದಾಗಿತ್ತ್ರಿ ನೀವು."

"ನಾ ನಿಮ್ಮ ಜೋಡಿ ಬಂದಿಲ್ರಿ ಸರ್," ಅವಳು ಟಿಕೆಟ್ ತೋರಿಸಿದಳು. "ನನ್ನ ಟಿಕೆಟ್ ಬ್ಯಾರೆ ಅದ."

ಶಿವಗಂಗಾ ಎಲ್ಲರಿಗಿಂತ ಹಿಂದೆ, ಮುಖ ಸುಟ್ಟ ಬದನೆಕಾಯಿ ಮಾಡಿಕೊಂಡು, ಬಸ್ಸಿನ ಬಾಗಿಲು ಹಿಡಿದು ನಿಂತಿದ್ದಳು. ಮಧುಮತಿ ಹೋಗಿ ಅವಳ ಭುಜ ಹಿಡಿದಳು. ಹುಡುಗಿ ಮೆಲ್ಲಗೆ, "ಮೇಡಂ, ನೀವು ಬರಂಗಿಲ್ಲಂತ ನಾ ಅವ್ವಗ ಹೇಳಿದ್ದಿಲ್ರಿ," ಅಂದಳು.

"ನಾನೂ ಹೇಳಿಲ್ಲ. ನಡಿ, ಮೊದಲ ನೀರು ಕುಡಿ."

ಹನ್ನೊಂದೂ ಹುಡುಗಿಯರನ್ನು ಸಂಡಾಸಕ್ಕೆ ಕರೆದುಕೊಂಡು ಹೋದಳು, ಕರೆದುಕೊಂಡು ಬಂದಳು. ಶಿವಗಂಗಾಳಿಗೆ ಗುಳಿಗೆ ನುಂಗಿಸಿದಳು. ಹತ್ತು ನಿಮಿಷ ನೆರಳಿನಲ್ಲಿ ಕೂರಿಸಿದಳು. ಆಮೇಲೆ ಮೆಟ್ಟಿಲು. ಕಿರಿದಾದ, ಎತ್ತರದ ಮೆಟ್ಟಿಲುಗಳು. ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾ, ಶಿವಗಂಗಾಳ ಕೈ ಹಿಡಿದು ಏಳು ಅಂತಸ್ತು ಹತ್ತಿದಳು. ನಲವತ್ತೊಂದನೆಯ ವಯಸ್ಸಿನಲ್ಲಿ ಅವಳೂ ಮೊದಲ ಸಲ ಹತ್ತುತ್ತಿದ್ದಳು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೇಲಿನ ಗ್ಯಾಲರಿಯಲ್ಲಿ ಕಲ್ಯಾಣಕುಮಾರ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಹೇಳುತ್ತಿದ್ದ. ಕೆಳಗಿನ ಚೌಕವು ಮೇಲೆ ಗುಂಡಗೆ ಹೇಗೆ ತಿರುಗುತ್ತದೆ, ಅಷ್ಟು ಭಾರವನ್ನು ಕಮಾನುಗಳು ಹೇಗೆ ಹಂಚಿಕೊಳ್ಳುತ್ತವೆ. ಹಗುರ ದನಿ, ನಡುನಡುವೆ ತಮಾಷೆ. ಮಧುಮತಿ ಗೋಡೆಗೆ ಒರಗಿ, ಯಾರೋ ಬೇರೆ ಊರಿನ ಪ್ರವಾಸಿಗರ ನಡುವೆ ನಿಂತು ಕೇಳಿದಳು. ಚೆನ್ನಾಗಿ ಹೇಳುತ್ತಿದ್ದ. ತನಗಿಂತ ಚೆನ್ನಾಗಿ. ಹುಡುಗರು ಅವನ ಬಾಯನ್ನೇ ನೋಡುತ್ತಿದ್ದರು, ಶಿವಗಂಗಾ ಕೂಡ ಹ್ಯಾಪುಮೋರೆ ಮರೆತು ಪ್ರಶ್ನೆ ಕೇಳಿದಳು. ಸೋಮವಾರದಿಂದ ಮೊದಲ ಸಲ ಮಧುಮತಿಗೆ ಎದೆಯಲ್ಲಿ ಎಲ್ಲೋ ಸಣ್ಣಗೆ ನೋವಾಯಿತು. ತಾನಿಲ್ಲದಿದ್ದರೆ ಪಾಠ ನಿಲ್ಲುವುದಿಲ್ಲ. ಇಷ್ಟು ವರ್ಷ ನಿಲ್ಲುತ್ತದೆ ಅಂತ ಅಂದುಕೊಂಡಿದ್ದಳು ಅಂತ ಕಾಣುತ್ತದೆ.

ಸಂಜೆ ಇಬ್ರಾಹಿಂ ರೋಜಾ ಮುಗಿಸಿ ಬಸ್ಸು ಹತ್ತುವ ಹೊತ್ತಿಗೆ ಅವಳು ಹಿಂದೆ ಉಳಿದಳು. ಬಸ್ಸಿನಲ್ಲಿ ಪಟ್ಟಿಯ ಪ್ರಕಾರ ಜನ, ಪಟ್ಟಿಯ ಪ್ರಕಾರ ಸೀಟು. ಗುರುಪಾದ ಸರ್ ಮೆಟ್ಟಿಲ ಮೇಲೆ ನಿಂತು ಹೆಸರು ಕೂಗುತ್ತಾ ಅವಳ ಕಡೆ ನೋಡದಿರಲು ಬಹಳ ಪಾಡುಪಟ್ಟರು. ಕಲ್ಯಾಣಕುಮಾರ ತನ್ನ ಬ್ಯಾಗ್ ಎತ್ತಿಕೊಂಡು ಕೆಳಗಿಳಿದ.

"ಮೇಡಂ, ನನ್ನ ಸೀಟಿನಾಗ ಕೂಡ್ರಿ. ನಾ ಸರ್ವಿಸ್ ಬಸ್ಸಿಗಿ ಬರ್ತೇನಿ. ಸರ್, ಲೆಕ್ಕ ಬರಾಬರಿ ಆಗ್ತದಲ್ರಿ?"

ಗುರುಪಾದ ಸರ್ ಪಟ್ಟಿ ನೋಡಿದರು, ಆಕಾಶ ನೋಡಿದರು, "ಹತ್ರಿ, ಹತ್ರಿ, ಹೊತ್ತಾಗ್ತದ," ಅಂದರು. ಕಲ್ಯಾಣಕುಮಾರ ಹದಿಮೂರು ವರ್ಷಕ್ಕೆ ಪ್ರತಿಯಾಗಿ ಒಂದು ಬಸ್ಸಿನ ಸೀಟು ಕೊಡುತ್ತಿದ್ದಾನೆ ಅಂತ ಮಧುಮತಿಗೆ ಅನಿಸಿತು. ಅವನ ಹತ್ತಿರ ಕೊಡಲು ಇನ್ನೇನಿತ್ತು? ಹುಡುಗಿಯರು ಒಳಗಿದ್ದರು, ಅದಕ್ಕೇ ಹತ್ತಿ ಕೂತಳು. ಶಿವಗಂಗಾ ಸಿಂದಗಿಯ ತನಕ ಅವಳ ಭುಜಕ್ಕೆ ಒರಗಿ ನಿದ್ದೆ ಹೊಡೆದಳು.

ಎಂಟು ಗಂಟೆಗೆ ಮುಂಚೆಯೇ ಜೇವರ್ಗಿ ಮುಟ್ಟಿದರು. ತಂದೆತಾಯಿಗಳು ಬೈಕು, ಆಟೋ ಹಿಡಿದುಕೊಂಡು ಕಾದಿದ್ದರು. ಅವರ ನಡುವೆ ನಿಂಬೆವ್ವ. ಮನಸ್ಸು ತಡೆಯದೆ ಮಧ್ಯಾಹ್ನವೇ ಮಣ್ಣೂರಿನಿಂದ ನಾದಿನಿಯ ಮನೆಗೆ ಬಂದಿದ್ದಳಂತೆ. ಮಗಳ ಕೆನ್ನೆ ಮುಟ್ಟಿ ನೋಡಿದಳು. ಮಗಳು ಬಾಯಿ ಸತ್ತವಳು ಅಂತ ಹೇಳಿದೆನಲ್ಲ, ಆ ಮಗಳು ಉಸಿರು ಬಿಡದೆ ಮಾತಾಡುತ್ತಿದ್ದಳು: ಎಷ್ಟು ಮೆಟ್ಟಿಲು, ಎಷ್ಟು ಎತ್ತರ, ಆ ಕಡೆ ಗೋಡೆಗೆ ಪಿಸುಗುಟ್ಟಿದರೆ ಈ ಕಡೆ ಕಿವಿಗೆ ಹೇಗೆ ಬಡಿಯುತ್ತದೆ. ನಿಂಬೆವ್ವನಿಗೆ ಅರ್ಧವೂ ತಿಳಿಯಲಿಲ್ಲ, ಆದರೆ ಮುಖ ಅರಳಿತ್ತು. ಮಧುಮತಿಯ ಹತ್ತಿರ ಬಂದಳು.

"ನೀವಿದ್ದದ್ದಕ್ಕ ನನ್ನ ಪೋರಿ ಒಂದು ಊರು ಕಂಡಳ್ರಿ. ಸಣ್ಣಾಕಿ ಭಾಗ್ಯಾ ಈ ಸಲ ಪಿಯುಸಿ. ಬರೂ ವರ್ಷ ಅಕೀನೂ ನಿಮ್ಮ ಕಾಲೇಜಿಗೇ ಹಚ್ಚತೇನ್ರಿ ಮೇಡಂ. ನೀವಿದ್ದೀರಿ, ನನಗಿನ್ನೇನು ಬೇಕು?"

ಶಿವಗಂಗಾ ನೆಲ ನೋಡಿದಳು. ಸುತ್ತ ಬೈಕುಗಳ ಸದ್ದು. ಗುರುಪಾದ ಸರ್ ಅಲ್ಲೇ ಎರಡು ಹೆಜ್ಜೆ ಆಚೆ, ಸುಮ್ಮನಿರಿ ಅನ್ನುವ ಹಾಗೆ ಅವಳನ್ನೇ ನೋಡುತ್ತಿದ್ದರು. ಹೂಂ ಅಂದರೆ ಮುಗಿಯುತ್ತಿತ್ತು. ಮಧುಮತಿ ಬಾಯಿ ತೆರೆದಳು. ಈ ಮಾತನ್ನು ಅವಳು ಆರು ದಿನದಲ್ಲಿ ಒಬ್ಬರ ಮುಂದೆಯೂ, ಗಂಡನ ಮುಂದೆಯೂ, ತನ್ನ ಬಾಯಿಂದ ಹೇಳಿರಲಿಲ್ಲ.

"ನಾ ಇರೂದಿಲ್ರಿ ಅವ್ವಾ. ನನ್ನ ತೆಗದಾರ."

"ಹಾಂ? ಯಾವಾಗ್ರಿ?"

"ಸೋಮವಾರ."

ನಿಂಬೆವ್ವ ಬೆರಳು ಮಡಚಿ ಮನಸ್ಸಿನಲ್ಲೇ ದಿನ ಎಣಿಸಿದಳು. ಸೋಮವಾರದಿಂದ ಶನಿವಾರಕ್ಕೆ ಬಂದು ನಿಂತಳು. ಮೇಡಂ ಮುಖವನ್ನು, ಅವಳ ಕೈಯಲ್ಲಿದ್ದ ಬ್ಯಾಗನ್ನು, ಬಸ್ಸನ್ನು ನೋಡಿದಳು.

"ಮತ್ತ ನೀವು ಇವತ್ತ ಯಾಕ ಹೋಗಿದ್ರಿ? ನೌಕರೀನೇ ಇಲ್ಲಂದ ಮ್ಯಾಲ ನಿಮಗ ಯಾರು ಹೋಗು ಅಂದಿದ್ರು?"

ಯಾರೂ ಅಂದಿರಲಿಲ್ಲ. ಅದನ್ನು ಹೇಳಲು ಹೋದಳು. ಕೆಳತುಟಿ ತನ್ನಷ್ಟಕ್ಕೆ ತಾನೇ ನಡುಗತೊಡಗಿತು, ಹಿಡಿದು ನಿಲ್ಲಿಸೋಣ ಅಂದರೆ ಆಗಲಿಲ್ಲ. ಹುಡುಗರು, ಅವರ ಅಪ್ಪಂದಿರು, ಕರೀಮಸಾಬ, ಪ್ರಿನ್ಸಿಪಾಲರು ಎಲ್ಲ ನೋಡುತ್ತಿರುವಂತೆಯೇ, ಜೇವರ್ಗಿಯ ನಡುರಸ್ತೆಯಲ್ಲಿ, ಹಿಸ್ಟರಿ ಮೇಡಂ ಸಣ್ಣ ಹುಡುಗಿಯ ಹಾಗೆ ಗಟ್ಟಿಯಾಗಿ ಅಳಲು ಶುರುಮಾಡಿದಳು. ನಿಂಬೆವ್ವ ಅವಳನ್ನು ಎಳೆದು ತನ್ನ ಹೆಗಲಿಗೆ ಒರಗಿಸಿಕೊಂಡು, ಹಾದುಹೋಗುವ ಬೈಕುಗಳಿಗೆ ಬೆನ್ನು ಮಾಡಿ ನಿಂತಳು.